ಬದಲಿ ನಿಂತವಳು

ನಾರಾಯಣಪೇಟೆಯಿಂದ ಮಕ್ತಲ್ ಹಾದು ಗದ್ವಾಲಕ್ಕೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರ್ ದೀನಮ್ಮನ ಬಾಯಿ ಎಂಥದ್ದೆಂದು ಆ ದಾರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. "ಒಳಗ ಸರೀರಿ, ಒಳಗ ಸರೀರಿ! ಬಾಗಲಾ ಏನು ನಿಮ್ಮಪ್ಪಂದಾ?" ಎಂದು ಒಮ್ಮೆ ಕೂಗಿದಳೆಂದರೆ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವರೂ ಬೆಚ್ಚಿ ಕಣ್ಣು ಬಿಡಬೇಕು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಆ ಬಾಯಿಗೆ ಬಿಡುವೇ ಇಲ್ಲ. ಐವತ್ತು ಜನ ಹಿಡಿಯುವ ಬಸ್ಸಿಗೆ ತೊಂಬತ್ತು ಜನ. ಒಬ್ಬೊಬ್ಬರ ಆಧಾರ್ ಕಾರ್ಡು ನೋಡಬೇಕು, ಜೀರೋ ಟಿಕೆಟ್ ಹರಿದುಕೊಡಬೇಕು, ಗದ್ವಾಲಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಅವಳೂ ಮನುಷ್ಯಳೇ ತಾನೇ?

ಜುರಾಲಾ ಡ್ಯಾಮು ದಾಟಿ ಧರೂರಿನ ಕಡೆಯ ಭತ್ತದ ಗದ್ದೆಗಳ ನಡುವೆ ಕಾಲುವೆಕಟ್ಟೆ ಎಂಬ ಸ್ಟಾಪು ಸಿಗುತ್ತದೆ. ಶೆಡ್ಡಿಲ್ಲ, ಬೋರ್ಡಿಲ್ಲ, ಒಂದು ಬೇವಿನ ಮರ ಇದೆ ಅಷ್ಟೇ. ಅದರ ಕೆಳಗೆ ಗದ್ವಾಲದ ಹೈಸ್ಕೂಲಿಗೆ ಹೋಗುವ ಏಳೆಂಟು ಹುಡುಗಿಯರು ದಿನಾ ಎಂಟೂಕಾಲಿಗೆ ಕೈ ಅಡ್ಡ ಹಿಡಿದು ನಿಂತಿರುತ್ತಿದ್ದರು. ಒಂದು ಬೆಲ್ಲು ಹೊಡೆದರೆ ಬಸ್ಸು ನಿಲ್ಲುತ್ತದೆ, ಎರಡು ಹೊಡೆದರೆ ಹೋಗುತ್ತದೆ. ವಾರದಲ್ಲಿ ಮೂರು ದಿನ ದೀನಮ್ಮ ಅಲ್ಲಿ ಎರಡು ಬೆಲ್ಲು ಹೊಡೆಯುತ್ತಿದ್ದಳು. "ಆಟೋ ಬರ್ತಾವ ಬಿಡು" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆ ಹೊತ್ತಿಗೆ ಅಲ್ಲಿ ಯಾವ ಆಟೋನೂ ಬರುವುದಿಲ್ಲ ಎಂಬುದು ಅವಳಿಗೂ ಚೆನ್ನಾಗಿ ಗೊತ್ತಿತ್ತು.

ದಸರಾ ರಜೆ ಮುಗಿದ ವಾರ ಒಂದು ದಿನ ಹೀಗೇ ಎರಡು ಬೆಲ್ಲು ಹೊಡೆದು ತಿರುಗಿದಳು. ಮಕ್ತಲ್ಲಿನಲ್ಲಿ ಹತ್ತಿ ಮುಂದಿನ ಸೀಟಿನಲ್ಲಿ ಕುಳಿತಿದ್ದ ಬಿಳಿ ಅಂಗಿಯ ಹಿರಿಯರೊಬ್ಬರು ಕೈ ಮುಗಿದರು.

"ವಂದನೆ ಅಮ್ಮಾ. ನಾನು ಗದ್ವಾಲದ ಚರ್ಚಿನ ಪಾಸ್ಟರ್, ಮಾರ್ಕಂಡೇಯ ಅಂತ."

ಚರ್ಚಿನವರಿಗೆ ಇಂಥ ಹೆಸರೇ ಎಂದು ದೀನಮ್ಮ ಹುಬ್ಬೇರಿಸಿದಳು. ಪಾಸ್ಟರಿಗೆ ಅದು ಹೊಸದಲ್ಲ. ನೇಕಾರರ ಮನೆಯಲ್ಲಿ ಹುಟ್ಟಿದವರು, ಇಪ್ಪತ್ತರ ಪ್ರಾಯದಲ್ಲಿ ಕ್ರಿಸ್ತನನ್ನು ನಂಬಿದವರು. ಅಪ್ಪ ಪ್ರೀತಿಯಿಂದ ಇಟ್ಟ ಹೆಸರು ಯಾಕೆ ಬಿಡಲಿ ಎಂದು ಹಾಗೇ ಉಳಿಸಿಕೊಂಡಿದ್ದರು.

"ನಾರಾಯಣಪೇಟಿ ಕಡೀಗೆ ದೀನಮ್ಮ ಅಂತ ಒಬ್ಬರು ಕಂಡಕ್ಟರ್ ಅದಾರಂತ. ನಿಮಗ ಗೊತ್ತೇನಮ್ಮಾ?"

ಕಂಡಕ್ಟರನ್ನು ಹೆಸರು ಹಿಡಿದು ಕೇಳಿಕೊಂಡು ಬಂದರೆಂದರೆ ಅದು ಕಂಪ್ಲೇಂಟೇ. ದೀನಮ್ಮ ಹುಷಾರಾದಳು. "ಯಾಕ್ರಿ? ಏನ್ ಮಾಡ್ಯಾಳ ಆಕಿ?"

"ಏನೂ ಮಾಡಿಲ್ಲಮ್ಮಾ. ಅದೇ ತಕರಾರು."

ಪಾಸ್ಟರು ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ತೋರಿಸಿದರು. ಮಕ್ತಲ್ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರಿನ ಹಳೆಯ ಹಾಳೆ. ಮಗುವಿನ ಹೆಸರು ಶಿರೀಷಾ. ಮಗುವಿಗೆ ಹೊಣೆ ನಿಲ್ಲುವ ಜ್ಞಾನತಾಯಿ ಎಂಬ ಕಡೆ ದೀನಮ್ಮ, ನಾರಾಯಣಪೇಟೆ ಎಂದು ರುಜು, ಅದರ ಮುಂದೆ ಹೆಸರಿಗಿಂತ ದಪ್ಪ ಅಕ್ಷರದಲ್ಲಿ 'ಕಂಡಕ್ಟರ್'. ಆಗಿನ್ನೂ ಹೊಸ ನೌಕರಿ, ಎಲ್ಲಿ ಸಿಕ್ಕರೂ ಬರೆದುಕೊಳ್ಳುವ ಹಿಗ್ಗು. ತನ್ನದೇ ಕೈಬರಹ ಕಂಡು, "ಇದು ನನ್ನ ರುಜು" ಎಂಬ ಮಾತು ದೀನಮ್ಮನ ಬಾಯಿಂದ ತಾನಾಗಿ ಹೊರಬಿತ್ತು.

ಆದದ್ದು ಇಷ್ಟು. ಹದಿನಾಲ್ಕು ವರ್ಷದ ಹಿಂದೆ ತೆಲಂಗಾಣ ಬೇಕೆಂದು ಬಂದ್ ಮೇಲೆ ಬಂದ್ ನಡೆಯುತ್ತಿದ್ದ ಕಾಲ. ಬಸ್ಸುಗಳು ನಿಂತಿದ್ದರಿಂದ ದೀನಮ್ಮ ಮಕ್ತಲ್ಲಿನ ಚಿಕ್ಕಮ್ಮನ ಮನೆಯಲ್ಲಿ ಆರಾಮಾಗಿ ಉಂಡುಕೊಂಡು ಇದ್ದಳು. ಭಾನುವಾರ ಚರ್ಚಿಗೆ ಹೋದರೆ ಅಲ್ಲೊಂದು ಎಂಟು ತಿಂಗಳ ಕೂಸಿನ ದೀಕ್ಷಾಸ್ನಾನ. ಕೂಸಿನ ಜ್ಞಾನತಾಯಿ ರಾಯಚೂರಿನಿಂದ ಬರಬೇಕಾದವಳು, ಬಸ್ಸಿಲ್ಲದೆ ಬರಲಿಲ್ಲ. ಆಗಿನ ಪಾದ್ರಿ ಕಾದು ಕಾದು ಸಾಕಾಗಿ, ಮುಂದಿನ ಬೆಂಚಿನಲ್ಲಿದ್ದ ದೀನಮ್ಮನ ಕಡೆ ನೋಡಿ, "ಅಮ್ಮಾ, ಬದಲಿ ನೀನಾರ ನಿಂದ್ರು, ಐದು ನಿಮಿಷದ ಕೆಲಸ" ಎಂದರು. ದೀನಮ್ಮ ನಿಂತಳು. ಕೂಸನ್ನು ಎತ್ತಿಕೊಂಡಳು. "ಈ ಮಗು ತನ್ನ ಬಾಯಿಂದ ತಾನೇ ಈ ಮಾತು ಹೇಳುವ ತನಕ ಇದಕ್ಕೆ ನೀನು ಹೊಣೆಯಾಗಿರುತ್ತೀಯಾ?" ಎಂದು ಪಾದ್ರಿ ಕೇಳಿದಾಗ "ದೇವರ ಸಹಾಯದಿಂದ ಇರ್ತೀನಿ" ಎಂದು ಗಟ್ಟಿಯಾಗಿಯೇ ಹೇಳಿದಳು. ಅಷ್ಟರಲ್ಲಿ ಕೂಸು ಅವಳ ಹೊಸ ನಾರಾಯಣಪೇಟೆ ಸೀರೆಯ ಮೇಲೆ ಉಚ್ಚೆ ಹೊಯ್ದು ಇಡೀ ಸಭೆ ನಕ್ಕಿತು. ಊಟವಾಯಿತು. ಕೂಸಿನ ತಾಯಿ ರವಿಕೆ ಬಟ್ಟೆ ಕೈಗಿಟ್ಟು, "ಅಕ್ಕಾ, ಇಕೀನ ಮರೀಬ್ಯಾಡ್ರಿ" ಎಂದಳು. ದೀನಮ್ಮ ರವಿಕೆ ಹೊಲಿಸಿಕೊಂಡಳು, ಕೂಸನ್ನು ಮರೆತಳು.

"ಆ ತಾಯಿ ಕಾಮಾಲೆ ಆಗಿ ತೀರಿಹೋಗಿ ಒಂಬತ್ತು ವರ್ಷಾತು. ತಂದಿನೂ ಇಲ್ಲ. ಹುಡುಗಿ ಇಲ್ಲೇ ಕಾಲುವಿಕಟ್ಟಿ ಹತ್ರ ಅಜ್ಜಿ ಪೆಂಟಮ್ಮನ ಬಲ್ಲಿ ಐತಿ" ಎಂದರು ಪಾಸ್ಟರು. "ಕ್ರಿಸ್ಮಸ್ಸಿನ ಹಿಂದಿನ ಭಾನುವಾರ ನಮ್ಮ ಚರ್ಚಿನಾಗ ದೃಢೀಕರಣ. ದೀಕ್ಷಾಸ್ನಾನದಾಗ ಕೂಸುಗಳ ಪರವಾಗಿ ಬ್ಯಾರೇದವರು ಕೊಟ್ಟ ಮಾತನ್ನ, ದೊಡ್ಡವರಾದ ಮಕ್ಕಳು ಇನ್ನ ಮ್ಯಾಲೆ ನಂದು ಅಂತ ಹೊತ್ಕೋತಾರ. ಎಲ್ಲಾ ಮಕ್ಕಳು ಹೂಂ ಅಂದಾರ. ಈ ಹುಡುಗಿ ಒಲ್ಲೆ ಅಂತಾಳ."

"ಯಾಕಂತ?"

"ನನ್ನ ಬದಲಿ ಮಾತು ಕೊಟ್ಟಾಕಿ ಒಂದಿನಾನೂ ನನ್ನ ಮಕಾ ನೋಡಿಲ್ಲ. ಆಕೀನೇ ನಡಸದ ಮಾತು ನಾ ಯಾಕ ಹೊತ್ಕೊಳ್ಲಿ ಅಂತ ಕೇಳ್ತಾಳ. ಆಕಿ ಕೇಳೋದು ಖರೇ ಅನ್ನಿಸ್ತಮ್ಮಾ. ಅದಕ್ಕ ಮಕ್ತಲ್ಲಿಗೆ ಹೋಗಿ ರಿಜಿಸ್ಟರ್ ನೋಡಿದೆ."

"ನಾ ಬರೇ ಬದಲಿ ನಿಂತಿದ್ದೆ ಅಯ್ಯಾ!" ಎಂದು ದೀನಮ್ಮ ಸಿಡುಕಿದಳು. "ಬರಬೇಕಾದಾಕಿ ಬರಲಿಲ್ಲ, ನಾ ನಿಂತೆ. ನನ್ನ ತಪ್ಪೇನು ಅದರಾಗ?"

ಪಾಸ್ಟರು ಮೊಬೈಲು ಜೇಬಿಗಿಟ್ಟರು. ಗದ್ವಾಲದಲ್ಲಿ ಮತ್ತೊಮ್ಮೆ ಕೈ ಮುಗಿದು ಇಳಿದುಹೋದರು.

ಡ್ರೈವರ್ ಹಂಪಣ್ಣ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಹಣೆ ತುಂಬ ವಿಭೂತಿ ಹಚ್ಚುವ ಮನುಷ್ಯ, ದೀನಮ್ಮನ ಜೊತೆ ಒಂಬತ್ತು ವರ್ಷದಿಂದ ಅದೇ ದಾರಿಯಲ್ಲಿ ಬಸ್ಸು ಹೊಡೆಯುತ್ತಿದ್ದವನು. ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಗ್ಲಾಸು ಊದುತ್ತ ಕೇಳಿದ:

"ನಿಮ್ಮ ದೇವ್ರ ಸುದ್ದಿ ನನಗ ತಿಳಿಯಾಂಗಿಲ್ಲ ದೀನಮ್ಮ. ಡಿಪೋ ಸುದ್ದಿ ಕೇಳ್ತೀನಿ. ಒಬ್ಬಾಕಿ ಡ್ಯೂಟಿಗೆ ಬರಲಿಲ್ಲ, ಬದಲಿ ನೀ ಸೈನ್ ಮಾಡಿ ಟಿಕೆಟ್ ಮಿಷನ್ ತಗೊಂಡಿ. ಆ ಟ್ರಿಪ್ಪು ಯಾರದು?"

"ತಗೊಂಡಾಕೀದು. ಅಂದ್ರ ನಂದು."

"ನಡುದಾರ್ಯಾಗ ಬಸ್ ಕೆಟ್ಟು ನಿಂತ್ರ, ನಾ ಬದಲಿ ಅಂತ ಪ್ಯಾಸೆಂಜರನ್ನ ಬಿಟ್ಟು ಮನಿಗೆ ಹೋಗಾಕ ಬರ್ತೈತೇನು?"

"ಸುಮ್ನ ಚಾ ಕುಡಿ ಹಂಪಣ್ಣ" ಎಂದಳು ದೀನಮ್ಮ. ಅವಳ ಚಹಾ ಮಾತ್ರ ಗ್ಲಾಸಿನಲ್ಲೇ ಆರಿಹೋಯಿತು.

ಗುರುವಾರ ಅವರಿಬ್ಬರಿಗೂ ವಾರದ ರಜೆ. ಆ ಗುರುವಾರ ಸಂಜೆ ದೀನಮ್ಮ ಸೀರೆಯುಟ್ಟು, ಒಂದು ಡಜನ್ ಬಾಳೆಹಣ್ಣು, ಒಂದು ಬ್ರೆಡ್ಡು ಹಿಡಿದು ಕಾಲುವೆಕಟ್ಟೆಯಲ್ಲಿ ಇಳಿದಳು. ಪೆಂಟಮ್ಮನ ಮನೆ ಕಾಲುವೆಯ ಪಕ್ಕದಲ್ಲೇ. ಮುದುಕಿ ಅಂಗಳದಲ್ಲಿ ಹತ್ತಿ ಬಿಡಿಸುತ್ತ ಕುಳಿತಿದ್ದಳು. ಪಕ್ಕದಲ್ಲಿ ಚೀಲದ ಮೇಲೆ ಪುಸ್ತಕ ಹರವಿಕೊಂಡು ಎರಡು ಜಡೆಯ ಹುಡುಗಿ. ಅವಳು ತಲೆಯೆತ್ತಿದ್ದೇ ತಡ, "ಕಂಡಕ್ಟರಮ್ಮ!" ಎಂದಳು.

ದೀನಮ್ಮ ಗುರುತು ಹಿಡಿದಳು. ಬೇವಿನ ಮರದ ಕೆಳಗೆ ಎಲ್ಲರಿಗಿಂತ ಮುಂದೆ ಬಂದು ಕೈ ಅಡ್ಡ ಹಿಡಿಯುವ ಹುಡುಗಿ ಇವಳೇ.

"ನಾನವ್ವಾ ದೀನಮ್ಮ. ನಿನ್ನ ದೀಕ್ಷಾಸ್ನಾನದ ರಿಜಿಸ್ಟರಿನಾಗ ಇರೋ ದೀನಮ್ಮ."

ಶಿರೀಷಾ ಕೈಯ ಪೆನ್ನು ಕೆಳಗಿಟ್ಟಳು. "ಜುಲೈ ತಿಂಗಳಾಗ ಆಧಾರ್ ಮರ್ತು ಬಂದೀನಂತ ನನ್ನ ನಡುದಾರ್ಯಾಗ ಇಳಿಸಿದ್ರಿ. ನೆನಪೈತೇನ್ರಿ? ಅವತ್ತು ಪರೀಕ್ಷೆ ಇತ್ತು" ಎಂದಳು.

ನೆನಪಿರಲಿಲ್ಲ. ಹಾಗೆ ಎಷ್ಟು ಜನರನ್ನು ಇಳಿಸಿದ್ದಳೋ! ದೀನಮ್ಮನಿಗೆ ನಾಚಿಕೆಯಾಯಿತು. ಹದಿನಾಲ್ಕು ವರ್ಷ ಎಲ್ಲೋ ದೂರದಲ್ಲಿದ್ದು ಮರೆತಿದ್ದರೆ ಒಂದು ಮಾತು. ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಅವಳ ಮುಖದ ಮುಂದೆಯೇ ಬೆಲ್ಲು ಹೊಡೆದುಕೊಂಡು ಹೋಗಿದ್ದಳಲ್ಲ, ಅದು ಸುಡುತ್ತಿತ್ತು.

"ಇನ್ನ ಸಾಕು ಬಿಡಮ್ಮಾ" ಎಂದಳು ಪೆಂಟಮ್ಮ, ಕೈಯ ಹತ್ತಿ ಬಿಡದೆ. "ಬಸ್ ನಿಂದ್ರಾಂಗಿಲ್ಲ, ಇಕಿ ನಡಕೊಂತ ಹೋಗಿ ವಾರದಾಗ ಮೂರು ದಿನ ಮೊದಲನೇ ಪಿರೇಡ್ ತಪ್ಪಸ್ತಾಳ, ಹೆಡ್‌ಮಾಸ್ಟರ್ ಬೈತಾರ. ಸೋಮವಾರದಿಂದ ನನ್ನ ಕೂಡ ಹತ್ತಿ ಬಿಡಿಸಾಕ ಬಾ ಅಂದೀನಿ. ದಾರ್ಯಾಗ ನಿಂತು ಕಾಯೋದಾದ್ರೂ ತಪ್ತೈತಿ."

ಹುಡುಗಿ ಪುಸ್ತಕದೊಳಗೆ ತಲೆ ಹಾಕಿದಳು. ಹಾಳೆಯ ಮೇಲೆ ಒಂದು ಹನಿ ಬಿದ್ದದ್ದನ್ನು ದೀನಮ್ಮ ನೋಡಿದಳು. ಹತ್ತಿರ ಹೋಗಿ ಕುಕ್ಕರಿಸಿ ಕುಳಿತಳು.

"ಅಯ್ಯೋ ಕೂಸೇ, ಇವತ್ತಿನಿಂದ ನಿನ್ನ ತಾಯಿ ನಾನಾ. ನಿನ್ನ ಓದು, ನಿನ್ನ ಬಟ್ಟಿ, ಎಲ್ಲಾ ನಾನಾ..."

"ಬ್ಯಾಡ್ರಿ." ಶಿರೀಷಾ ಕಣ್ಣೊರೆಸಿಕೊಂಡು ಎದ್ದು ನಿಂತಳು. "ದೊಡ್ಡ ಮಾತು ಬ್ಯಾಡ. ದೊಡ್ಡ ಮಾತು ಅವತ್ತ ಆಡೀರಿ."

"ಮತ್ತೇನು ಬೇಕವ್ವಾ?"

"ಬಸ್ ನಿಲ್ಸ್ರಿ. ದಿನಾ."

ದೀನಮ್ಮ ಹೂಂ ಎನ್ನಲು ಬಾಯಿ ತೆರೆದು ಒಂದು ಗಳಿಗೆ ತಡೆದಳು. ಹಿಂದೊಮ್ಮೆ ಎಷ್ಟು ಸಲೀಸಾಗಿ ಹೇಳಿದ್ದೆ ಎಂದು ನೆನಪಾಯಿತು. ಆಮೇಲೆ ಮೆಲ್ಲಗೆ, "ನಿಲ್ಸ್ತೀನಿ" ಎಂದಳು. ಪೆಂಟಮ್ಮ ಗೊಣಗುತ್ತಲೇ, "ಆಗ್ಲಿ, ಕ್ರಿಸ್ಮಸ್ ತನಕ ನೋಡ್ತೀನಿ. ಬಸ್ ತಪ್ಪಿದ್ರ ಹತ್ತಿ ಹೊಲಾನ" ಎಂದು ತೀರ್ಪು ಕೊಟ್ಟಳು.

ಮರುದಿನದಿಂದ ಕಾಲುವೆಕಟ್ಟೆಯಲ್ಲಿ ಒಂದೇ ಬೆಲ್ಲು. ಒಳಗಿದ್ದವರು ಬೊಬ್ಬೆ ಹಾಕಿದರು: "ಕಾಲಿಡಾಕ ಜಾಗಿಲ್ಲ, ಮತ್ತ ಯಾಕ ನಿಲ್ಸ್ತೀರಿ?" "ನಿನ್ನ ಮಗಳು ಅಲ್ಲಿ ನಿಂತಿದ್ರ ಕೇಳ್ತಿದ್ದೇನಪ್ಪಾ? ಸರಿ ಒಳಗ!" ಎಂದು ದೀನಮ್ಮ ಗದರಿದಳು. ಎಂಟು ಹುಡುಗಿಯರು, ಎಂಟು ಚೀಲ. ಹತ್ತಿಸಿಕೊಳ್ಳಲು ನಾಲ್ಕೈದು ನಿಮಿಷ. ಗದ್ವಾಲದಲ್ಲಿ ಕಂಟ್ರೋಲರು ತಡವಾದದ್ದಕ್ಕೆ ಕಾರಣ ಬರೆದುಕೊಡು ಎಂದರು. "ಕಾಲುವೆಕಟ್ಟೆಯಲ್ಲಿ ಎಂಟು ಜನ ನಿಂತಿದ್ದರು, ಹತ್ತಿಸಿಕೊಂಡೆ" ಎಂದು ತೆಲುಗಿನಲ್ಲಿ ಬರೆದುಕೊಟ್ಟಳು. ಮೂರು ದಿನ ಅದನ್ನೇ ಬರೆದ ಮೇಲೆ ಅವರು ಕೇಳುವುದನ್ನು ಬಿಟ್ಟರು. ಹಂಪಣ್ಣನೂ ಡ್ಯಾಮಿನ ಮೇಲೆ ಸ್ವಲ್ಪ ಜೋರಾಗಿ ಓಡಿಸಿ ಎರಡು ನಿಮಿಷ ಉಳಿಸಿಕೊಡುತ್ತಿದ್ದ.

ಶಿರೀಷಾ ಹತ್ತುತ್ತಿದ್ದಳು, ಆಧಾರ್ ತೋರಿಸುತ್ತಿದ್ದಳು, ಟಿಕೆಟ್ ತೆಗೆದುಕೊಳ್ಳುತ್ತಿದ್ದಳು. ಒಂದು ಮಾತಿಲ್ಲ, ಒಂದು ನಗುವಿಲ್ಲ. ಇರಲಿ, ಬಸ್ಸು ನಿಂತಿತಲ್ಲ ಎಂದು ದೀನಮ್ಮ ಒಳಗೊಳಗೇ ಬೀಗುತ್ತಿದ್ದಳು.

ಒಂದು ವಾರ ತುಂಬಿದ ಮರುದಿನ, ಶುಕ್ರವಾರ, ಹುಡುಗಿ ಟಿಕೆಟ್ಟಿಗೆ ಕೈ ಚಾಚದೆ ಎದುರಿಗೆ ನಿಂತಳು.

"ನಿನ್ನೆ ಬಸ್ ನಿಲ್ಲಲಿಲ್ಲ."

"ನಿನ್ನೆ ನನಗ ರಜಾ ಇತ್ತವ್ವಾ. ಬ್ಯಾರೇದವರು ಬಂದಿದ್ರು."

"ನೀವು ರಜಾದಾಗ ಇದ್ರ ನಿಮ್ಮ ಮಾತೂ ರಜಾದಾಗ ಇರ್ತೈತೇನ್ರಿ?"

ಅಕ್ಕಪಕ್ಕದವರು ಕಿಸಕ್ಕೆಂದರು. ದೀನಮ್ಮನಿಗೆ ಸಿಟ್ಟು ನೆತ್ತಿಗೇರಿತು. ಗೇಣುದ್ದ ಹುಡುಗಿ, ಎಷ್ಟು ಜೋರು! ಅವತ್ತೆಲ್ಲ ಬಸ್ಸಿನಲ್ಲಿ ಯಾರ ಗ್ರಹಚಾರವೂ ನೆಟ್ಟಗಿರಲಿಲ್ಲ. ಮನೆಗೆ ಬಂದು ಬ್ಯಾಗು ಮೂಲೆಗೆಸೆದು, ಮಂಚದ ಮೇಲೆ ಕುಳಿತು ಪ್ರಾರ್ಥನೆಗೆ ಕಣ್ಣು ಮುಚ್ಚಿದಳು. ಪ್ರಾರ್ಥನೆ ಎಲ್ಲಿಯದು, ಜಗಳವೇ ಸೈ. "ಕರ್ತನೇ, ನೀನೂ ಆರು ದಿನ ದುಡಿದು ಏಳನೇ ದಿನ ಕುಂತಿ. ನಾ ಒಬ್ಬಾಕಿ ಕುಂತ್ರ ತಪ್ಪೇನು?" ಎಂದಳು. ಕುಳಿತಲ್ಲೇ ಅವಳಿಗೊಂದು ಹೊಳೆಯಿತು. ಅವನು ಕುಳಿತ ದಿನವೂ ಸೂರ್ಯ ಹುಟ್ಟಿದ್ದನಲ್ಲ! ತಾನು ಕುಳಿತ ದಿನ ಬಸ್ಸು ನಿಲ್ಲುವ ಹಾಗೆ ಯಾರು ನೋಡಬೇಕಿತ್ತು? ಅವಳಿಗೆ ತನ್ನ ಮೇಲೆಯೇ ನಗು ಬಂತು.

ಮುಂದಿನ ಬುಧವಾರ ಡ್ಯೂಟಿ ಮುಗಿಸಿ ಸಂಜೆಯ ಬಸ್ಸು ಹತ್ತುವಾಗ, ಹೊಲಿಗೆ ಅಂಗಡಿಯಿಂದ ಗಂಡ ಉದಯಕುಮಾರ ಕೂಗಿದ: "ನಾಳೆ ರಜಾ, ಆದ್ರೂ ಬಸ್ಸೇ ಏನ ನಿನಗ?" "ಮಗಳ ಮನಿಗೆ ಹೊಂಟೀನಿ" ಎಂದಳು. ಅವನು ಕತ್ತರಿ ಹಿಡಿದುಕೊಂಡೇ ಬಾಯಿ ಬಿಟ್ಟು ನಿಂತ. ಅವರಿಗೆ ಇದ್ದವನು ಒಬ್ಬನೇ ಮಗ.

ಅವತ್ತು ಪೆಂಟಮ್ಮನ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ಮುದುಕಿ ಇಷ್ಟಿಷ್ಟೇ ಸಡಿಲವಾಗಿ, ತನ್ನ ಸೊಸೆ, ಅಂದರೆ ಶಿರೀಷಾಳ ತಾಯಿ, ಹೇಗೆ ಹಾಡುತ್ತಿದ್ದಳೆಂದು ಹೇಳಿದಳು. ಊಟಕ್ಕೆ ಮುಂಚೆ ಪ್ರಾರ್ಥನೆ ಯಾರು ಹೇಳಬೇಕೆಂದು ಒಬ್ಬರ ಮೇಲೊಬ್ಬರು ಹಾಕಿದರು. ಕೊನೆಗೆ ದೀನಮ್ಮ ಹೇಳಿದಳು, ನಡುವೆ ಎರಡು ಸಲ ತಪ್ಪಿದಳು. ಶಿರೀಷಾ ಕಣ್ಣು ಮುಚ್ಚಿಕೊಂಡೇ ತಿದ್ದಿದಳು.

ರಾತ್ರಿ ಅಲ್ಲೇ ಉಳಿದು, ಮರುದಿನ ಬೆಳಿಗ್ಗೆ ಎಂಟೂಕಾಲಿಗೆ ಬೇವಿನ ಮರದ ಕೆಳಗೆ ಎಂಟು ಹುಡುಗಿಯರ ಜೊತೆ ದೀನಮ್ಮನೂ ನಿಂತಳು. ದೂರದಲ್ಲಿ ಬಸ್ಸು ಕಂಡಿತು. ವೇಗ ಕಡಿಮೆಯಾಗಲಿಲ್ಲ. ದೀನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡುರಸ್ತೆಗೆ ಹೋಗಿ ಎರಡೂ ಕೈ ಅಗಲಿಸಿ ನಿಂತುಬಿಟ್ಟಳು. ಬಸ್ಸು ಕೀರೆಂದು ನಿಂತಿತು. ಬದಲಿ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈಯಲು ಬಾಯಿ ತೆರೆದ, ಯಾರೆಂದು ಕಂಡು ಮುಚ್ಚಿದ. "ದೀನಮ್ಮಕ್ಕಾ, ನೀವಾ?" ಎಂದು ಒಳಗಿನಿಂದ ಹರೆಯದ ಕಂಡಕ್ಟರು ಗಾಬರಿಯಾದ.

"ನಾನಾ. ಪ್ರತಿ ಗುರುವಾರ ಇಲ್ಲೇ ನಿಂದ್ರಾಕಿ. ನೀ ಬೆಲ್ ಹೊಡೀತೀಯೋ, ಇಲ್ಲಾ ನಾ ಹಿಂಗ ಅಡ್ಡ ನಿಂದ್ರಲೋ?"

ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಗುತ್ತ ಹತ್ತಿದರು. ಶಿರೀಷಾ ಕೊನೆಯವಳು. ಮೆಟ್ಟಿಲ ಮೇಲೆ ತಿರುಗಿ ನೋಡಿದಳು. ಅವಳ ತುಟಿಯಲ್ಲಿ ಒಂದು ನಗು ಇತ್ತು. ಅದನ್ನು ನೋಡಿ ದೀನಮ್ಮನಿಗೆ ಆದ ಸಂತೋಷ ಇಷ್ಟಿಷ್ಟಲ್ಲ.

ಹೀಗೆ ಎಂಟು ವಾರ. ಬುಧವಾರ ಸಂಜೆ ರೊಟ್ಟಿ, ಗುರುವಾರ ಬೆಳಿಗ್ಗೆ ಬೇವಿನ ಮರ. ಹತ್ತಿ ಬಿಡಿಸುವ ಮಾತನ್ನು ಪೆಂಟಮ್ಮ ಮತ್ತೆ ಎತ್ತಲಿಲ್ಲ. ದೃಢೀಕರಣಕ್ಕೆ ಹೂಂ ಅಂತೀಯೋ ಇಲ್ಲವೋ ಎಂದು ದೀನಮ್ಮ ಒಂದು ದಿನವೂ ಕೇಳಲಿಲ್ಲ. ಆ ಬಾಯಿಗೆ ಅದೆಷ್ಟು ಕಷ್ಟವಾಗಿರಬೇಕು! ಕೇಳುವ ಹಕ್ಕು ತನಗಿಲ್ಲ ಎಂದುಕೊಂಡು ನಾಲಿಗೆ ಕಚ್ಚಿಕೊಂಡಳು.

ಕ್ರಿಸ್ಮಸ್ಸಿನ ಹಿಂದಿನ ಭಾನುವಾರಕ್ಕೆ ಹದಿನೈದು ದಿನ ಮುಂಚೆಯೇ ರಜೆ ಬರೆದುಕೊಟ್ಟಿದ್ದಳು. ಗದ್ವಾಲದ ಚರ್ಚಿನಲ್ಲಿ ಬಣ್ಣದ ಕಾಗದ, ನಕ್ಷತ್ರ, ಹೊಸ ಬಟ್ಟೆಯ ವಾಸನೆ. ಬಾಗಿಲ ಹತ್ತಿರ ಹಂಪಣ್ಣನೂ ರಜೆ ಹಾಕಿ ಬಂದು, ವಿಭೂತಿ ಹಚ್ಚಿಕೊಂಡೇ ನಿಂತಿದ್ದ. ಹನ್ನೊಂದು ಮಕ್ಕಳು ಬಿಳಿ ಬಟ್ಟೆಯಲ್ಲಿ ಸಾಲಾಗಿ ಮುಂದೆ ನಿಂತರು; ಯಾರೂ ಒತ್ತಾಯಿಸದೆಯೇ ಶಿರೀಷಾಳೂ ಆ ಸಾಲಿಗೆ ಬಂದಿದ್ದಳು. ಪಾಸ್ಟರ್ ಮಾರ್ಕಂಡೇಯ ಒಬ್ಬೊಬ್ಬರನ್ನೂ ಕೇಳುತ್ತ ಬಂದರು: "ಅಂದು ನಿನ್ನ ಪರವಾಗಿ ಕೊಟ್ಟ ಮಾತನ್ನು ಇಂದು ನೀನೇ ಹೊತ್ತುಕೊಳ್ಳುತ್ತೀಯಾ?" "ಹೊತ್ತುಕೊಳ್ಳುತ್ತೇನೆ" ಎಂದು ಮಕ್ಕಳು ಹೇಳುತ್ತ ಹೋದರು.

ಶಿರೀಷಾಳ ಸರದಿ ಬಂತು. ಅವಳು ಹೊತ್ತುಕೊಳ್ಳುತ್ತೇನೆ ಎನ್ನುವ ಬದಲು ತಿರುಗಿ ದೀನಮ್ಮನ ಕಡೆ ನೋಡಿದಳು. ಸಭೆಯಲ್ಲಿ ಪಿಸುಪಿಸು ಎದ್ದಿತು. ಇಷ್ಟು ಮಾಡಿದರೂ ಹದಿನಾಲ್ಕು ವರ್ಷದ ತಪ್ಪು ತೀರಲಿಲ್ಲವೇ ಎಂದುಕೊಂಡಳು ದೀನಮ್ಮ.

"ಅಯ್ಯಾ, ಒಂದು ಕೇಳಲೇನ್ರಿ?" ಎಂದಳು ಹುಡುಗಿ.

"ಕೇಳವ್ವಾ."

"ನಾ ಹೂಂ ಅಂದು ಹೊತ್ಕೊಂಡ್ರ, ಅವರು ಕೊಟ್ಟ ಮಾತು ಅಲ್ಲಿಗೆ ಮುಗೀತೈತೇನ್ರಿ?"

ಪಾಸ್ಟರ್ ಕನ್ನಡಕ ತೆಗೆದರು. ಸುಳ್ಳು ಹೇಳುವ ಮನುಷ್ಯನಲ್ಲ. "ಪದ್ಧತಿ ಪ್ರಕಾರ ಮುಗೀತೈತವ್ವಾ. ನೀನ ಹೇಳೋ ತನಕ ಮಾತ್ರ ಅವರ ಹೊಣೆ."

ಶಿರೀಷಾ ತಲೆ ತಗ್ಗಿಸಿದಳು. "ಹಂಗಾದ್ರ ನನಗ ಬ್ಯಾಡ್ರಿ."

ಆಗ ದೀನಮ್ಮನಿಗೆ ಅರ್ಥವಾಯಿತು. ಹುಡುಗಿ ಈಗ ಹೂಂ ಎನ್ನದಿರುವುದು ತನ್ನ ಮೇಲಿನ ಸಿಟ್ಟಿಗಲ್ಲ, ತಾನು ಮತ್ತೆ ಹೊರಟುಹೋದೇನು ಎಂಬ ಹೆದರಿಕೆಗೆ. ಅವಳು ಎಲ್ಲಿದ್ದೇನೆಂಬುದನ್ನೂ ಮರೆತು ಬೆಂಚಿನಿಂದ ಎದ್ದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಬಾಯಿ ಮಾತ್ರ ಬಸ್ಸಿನದೇ.

"ಯಾರು ಹೇಳಿದ್ದು ಮುಗೀತೈತಿ ಅಂತ? ಅಯ್ಯಾ, ಪದ್ಧತಿ ನೀವ ಇಟ್ಕೊಳ್ರಿ! ಏ ಹುಡುಗಿ, ಕೇಳಿಲ್ಲಿ. ನಾಳೆ ಸೋಮವಾರ. ಎಂಟೂಕಾಲಿಗೆ ಕಾಲುವಿಕಟ್ಟ್ಯಾಗ ಒಂದ ಬೆಲ್ಲು. ನೀ ಹೂಂ ಅಂದ್ರೂ ನಿಲ್ತೈತಿ, ಒಲ್ಲೆ ಅಂದ್ರೂ ನಿಲ್ತೈತಿ!"

ಇಡೀ ಚರ್ಚು ನಕ್ಕಿತು. ಪಾಸ್ಟರೂ ನಕ್ಕರು. ಶಿರೀಷಾ ಅಂಗೈಯಿಂದ ಮುಖ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಹೊತ್ತುಕೊಳ್ಳುತ್ತೇನೆ."

ಸೋಮವಾರ ಬಸ್ಸು ಎಂದಿಗಿಂತಲೂ ತುಂಬಿತ್ತು. ಕಾಲುವೆಕಟ್ಟೆಯಲ್ಲಿ ಒಂದು ಬೆಲ್ಲು, ಬಸ್ಸು ನಿಂತಿತು. ಹುಡುಗಿಯರು ಹತ್ತಿದರು. "ಆಧಾರ್ ತೋರಸ್ರಿ, ಆಧಾರ್!" ಎಂದು ದೀನಮ್ಮ ಎಂದಿನಂತೆ ಕೂಗಿದಳು. ಹೊತ್ತಾಗಿತ್ತು. ಎರಡು ಬೆಲ್ಲು ಹೊಡೆಯಲು ಹಗ್ಗಕ್ಕೆ ಕೈ ಹಾಕಿದಳು.

"ದೊಡ್ಡಮ್ಮಾ, ತಡೀರಿ!" ಬಾಗಿಲ ಕಂಬಿ ಹಿಡಿದು ನಿಂತಿದ್ದ ಶಿರೀಷಾ ಕೂಗಿದಳು. ದೂರದಲ್ಲಿ ಕಾಲುವೆಯ ದಂಡೆಯ ಮೇಲೆ ಆರನೇ ಕ್ಲಾಸಿನ ಇಬ್ಬರು ಚಿಕ್ಕ ಹುಡುಗಿಯರು ಚೀಲ ಹಿಡಿದುಕೊಂಡು ಓಡಿಬರುತ್ತಿದ್ದರು. "ಅವರಿಬ್ಬರಿಗೂ ಬಸ್ ನಿಂದ್ರತೈತಿ ಅಂತ ನಾ ಮಾತು ಕೊಟ್ಟೀನ್ರಿ."

ದೀನಮ್ಮ ಹಗ್ಗದಿಂದ ಕೈ ತೆಗೆದಳು. ಶಿರೀಷಾ ಒಳಗೆ ತಿರುಗಿ, ಥೇಟ್ ದೀನಮ್ಮನದೇ ಗಂಟಲಿನಲ್ಲಿ, "ಒಳಗ ಸರೀರಿ, ಒಳಗ ಸರೀರಿ! ಇನ್ನ ಇಬ್ಬರು ಬರಾಕತ್ಯಾರ!" ಎಂದು ಕೂಗಿದಳು. ಜನ ಗೊಣಗುತ್ತ ಸರಿದರು, ಮತ್ತಿಬ್ಬರಿಗೆ ಜಾಗವಾಯಿತು.